ಗಾಲ್ಫ್ ಕ್ಲಬ್ ಆರಿಸುವಾಗ ಹದಿನೈದನೆಯ ಚೆಂಡನ್ನು ನೋಡಿ

ಹೊಸ ಕ್ಲಬ್ ಕೈಗೆತ್ತಿಕೊಂಡು ಇಪ್ಪತ್ತು ಚೆಂಡು ಹೊಡೆದರೆ ಅವುಗಳಲ್ಲಿ ಎರಡೋ ಮೂರೋ ಕಣ್ಣಿಗೆ ಹಬ್ಬವಾಗುವಂತೆ ಹಾರುತ್ತವೆ. ಚೆಂಡು ತಾಗಿದ್ದೇ ಕೈಗೆ ತಿಳಿಯುವುದಿಲ್ಲ, ನೇರವಾಗಿ ಮೇಲೇರುತ್ತದೆ, ಹಳೆಯ ಕ್ಲಬ್ ಎಂದೂ ಮುಟ್ಟದ ದೂರದಲ್ಲಿ ಬೀಳುತ್ತದೆ. ನಾವು ಕೊಳ್ಳುವುದು ಆ ಮೂರು ಹೊಡೆತಗಳನ್ನು. ಆಡುವುದು ಮಾತ್ರ ಉಳಿದ ಹದಿನೇಳರ ಜೊತೆ. ಹವ್ಯಾಸಿ ಆಟಗಾರನ ಚೆಂಡು ಕ್ಲಬ್‌ನ ಮುಖದ ನಟ್ಟನಡುವೆ ತಾಗುವುದು ಅಪರೂಪ. ಹಾಗಾಗಿ ಎರಡು ಕ್ಲಬ್‌ಗಳನ್ನು ತಾಳೆ ನೋಡುವಾಗ ಯಾವುದು ಹೆಚ್ಚು ದೂರ ಹೋಯಿತು ಎಂದು ಕೇಳುವುದಕ್ಕಿಂತ, ಸರಿಯಾಗಿ ತಾಗದಿದ್ದಾಗ ಯಾವುದು ಕಡಿಮೆ ಕೈ ಕೊಟ್ಟಿತು ಎಂದು ಕೇಳಬೇಕು.

ಇದಕ್ಕೆ ನಾನು ಪಾಲಿಸುವ ಲೆಕ್ಕ ಸರಳವಾಗಿದೆ. ಒಂದು ಕ್ಲಬ್‌ನಿಂದ ಇಪ್ಪತ್ತು ಚೆಂಡು ಹೊಡೆದು ಪ್ರತಿಯೊಂದರ ಕ್ಯಾರಿಯನ್ನು, ಅಂದರೆ ಚೆಂಡು ನೆಲ ಮುಟ್ಟುವ ತನಕ ಗಾಳಿಯಲ್ಲಿ ಕ್ರಮಿಸಿದ ದೂರವನ್ನು, ಬರೆದುಕೊಳ್ಳುತ್ತೇನೆ. ಆಮೇಲೆ ಆ ಇಪ್ಪತ್ತು ಸಂಖ್ಯೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಹದಿನೈದನೆಯ ಸಾಲನ್ನು ನೋಡುತ್ತೇನೆ. ಒಮ್ಮೆ ಮಧ್ಯಮ ದೂರದ ಹೊಡೆತಕ್ಕೆ ಬಳಸುವ ಎರಡು ಏಳನೆಯ ಐರನ್‌ಗಳನ್ನು ಹೀಗೆ ಒರೆಗೆ ಹಚ್ಚಿದ್ದೆ. ಒಂದು ತೆಳು ತಲೆಯದು, ನೋಡಲು ಬಹಳ ಚೆಲುವಾದದ್ದು. ಅದರ ಅತ್ಯುತ್ತಮ ಹೊಡೆತ 161 ಗಜ. ಇನ್ನೊಂದು ಅಗಲ ತಳದ್ದು, ಅದರ ಅತ್ಯುತ್ತಮ ಹೊಡೆತ 156 ಗಜ. ಹದಿನೈದನೆಯ ಸಾಲಿಗೆ ಬಂದಾಗ ತೆಳುವಾದದ್ದು 134ಕ್ಕೆ ಇಳಿದಿತ್ತು, ಅಗಲವಾದದ್ದು 146ರಲ್ಲಿ ನಿಂತಿತ್ತು. ಆ ಹನ್ನೆರಡು ಗಜವೆಂದರೆ ಕುಳಿ ಇರುವ ನುಣುಪು ಹುಲ್ಲುಹಾಸಾದ ಗ್ರೀನ್‌ನ ಮುಂದಿರುವ ಮರಳಿನ ಗುಂಡಿ ಬಂಕರಿಗೂ ಗ್ರೀನಿಗೂ ನಡುವಿನ ಅಂತರ. ಆ ಪುಟವನ್ನು ನೋಡಿದ ಮೇಲೆ ನನಗೆ ಯೋಚಿಸಲು ಹೆಚ್ಚೇನೂ ಉಳಿಯಲಿಲ್ಲ.

ಹೋಲಿಕೆ ನ್ಯಾಯವಾಗಿರಬೇಕಾದರೆ

ಮೊದಲನೆಯದಾಗಿ, ನಿಮ್ಮ ಹಳೆಯ ಕ್ಲಬ್ ಜೊತೆಯಲ್ಲಿರಬೇಕು. ಅದು ಪಕ್ಕದಲ್ಲಿಲ್ಲದೆ ಹೊಸದನ್ನು ಅಳೆಯುವುದೆಂದರೆ ತಕ್ಕಡಿಯ ಒಂದೇ ತಟ್ಟೆಗೆ ತೂಕ ಹಾಕಿದಂತೆ. ಎರಡು ಹೊಸ ಕ್ಲಬ್‌ಗಳ ನಡುವೆ ಯಾವುದು ಮೇಲು ಎಂಬುದಕ್ಕಿಂತ, ಕೈಯಲ್ಲಿ ಇರುವುದಕ್ಕಿಂತ ಎರಡರಲ್ಲಿ ಯಾವುದಾದರೂ ಮೇಲೇ ಎಂಬುದು ಮುಖ್ಯವಾದ ಪ್ರಶ್ನೆ.

ಎರಡನೆಯದು ಸರದಿ. ಇಪ್ಪತ್ತು ಚೆಂಡನ್ನು ಒಂದರಿಂದ ಹೊಡೆದು ಮುಗಿಸಿ ಆಮೇಲೆ ಇನ್ನೊಂದನ್ನು ಎತ್ತಿಕೊಂಡರೆ ಮೊದಲನೆಯದಕ್ಕೆ ಬಿಗಿದ ಮೈ, ಎರಡನೆಯದಕ್ಕೆ ಹದವಾದ ಮೈ ಸಿಗುತ್ತದೆ. ಮೂರನೆಯದಕ್ಕೆ ದಣಿದ ತೋಳು. ಐದೈದು ಚೆಂಡಿಗೊಮ್ಮೆ ಕ್ಲಬ್ ಬದಲಿಸಿ. ಒಂದೇ ಕ್ಲಬ್‌ನಿಂದ ಸಾಲಾಗಿ ಹೊಡೆಯುತ್ತಾ ಹೋದರೆ ದೇಹ ತಾನಾಗಿಯೇ ಆ ಕ್ಲಬ್‌ಗೆ ಹೊಂದಿಕೊಂಡುಬಿಡುತ್ತದೆ, ಅದರ ದೋಷವನ್ನು ನಿಮ್ಮ ಕೈಯೇ ಮುಚ್ಚಿಹಾಕುತ್ತದೆ. ಮೈದಾನದಲ್ಲಿ ಒಂದು ಕ್ಲಬ್‌ಗೂ ಇನ್ನೊಂದಕ್ಕೂ ನಡುವೆ ಹತ್ತು ನಿಮಿಷ ಕಳೆದಿರುತ್ತದೆ. ಅಲ್ಲಿ ಹೊಂದಿಕೊಳ್ಳಲು ಯಾರೂ ಕಾಲಾವಕಾಶ ಕೊಡುವುದಿಲ್ಲ. ಅರವತ್ತು ಎಪ್ಪತ್ತು ಚೆಂಡು ದಾಟಿದ ಮೇಲೆ ಬರೆದ ಸಂಖ್ಯೆಗಳನ್ನು ನಾನು ನಂಬುವುದಿಲ್ಲ. ಉಳಿದದ್ದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಎರಡು ಬೇರೆ ದಿನಗಳಲ್ಲಿ ಗೆದ್ದ ಕ್ಲಬ್ಬನ್ನು ಮಾತ್ರ ಗೆದ್ದದ್ದೆಂದು ತಿಳಿಯಿರಿ.

ಮೂರನೆಯದು ನೆಲ. ಅಭ್ಯಾಸದ ಮ್ಯಾಟ್ ಮೇಲೆ ಕ್ಲಬ್ ಚೆಂಡಿಗಿಂತ ಒಂದು ಅಂಗುಲ ಹಿಂದೆ ಬಿದ್ದರೂ ಜಾರಿಕೊಂಡು ಹೋಗಿ ಚೆಂಡನ್ನು ಮುಟ್ಟುತ್ತದೆ, ಹೊಡೆತ ಪರವಾಗಿಲ್ಲ ಎಂಬಂತೆ ಕಾಣುತ್ತದೆ. ಅದೇ ಹೊಡೆತ ಹುಲ್ಲಿನ ಮೇಲಾಗಿದ್ದರೆ ಕ್ಲಬ್ ಮಣ್ಣಿನಲ್ಲಿ ಹೂತು ಚೆಂಡು ಅರ್ಧ ದಾರಿಗೆ ನಿಲ್ಲುತ್ತಿತ್ತು. ಐರನ್ ಮತ್ತು ಗಿಡ್ಡ ಹೊಡೆತದ ವೆಜ್‌ಗಳನ್ನು ಹುಲ್ಲಿನ ಮೇಲೆ ಹೊಡೆದು ನೋಡದೆ ತೀರ್ಮಾನಿಸಬೇಡಿ. ಚೆಂಡೂ ಅಷ್ಟೆ. ರೇಂಜಿನ, ಅಂದರೆ ಅಭ್ಯಾಸದ ಮೈದಾನದ, ಬಳಸಿ ಸವೆದ ಚೆಂಡುಗಳು ಒಂದೊಂದು ಒಂದೊಂದು ಬಗೆಯಲ್ಲಿ ಹಾರುತ್ತವೆ. ನೀವು ನಿತ್ಯ ಆಡುವ ಜಾತಿಯ ಹತ್ತು ಚೆಂಡುಗಳನ್ನು ಒಯ್ಯಲು ಸಾಧ್ಯವಾದರೆ ಒಯ್ಯಿರಿ.

ಚೆಂಡಿನ ಹಾರಾಟ ಅಳೆಯುವ ಯಂತ್ರ, ಲಾಂಚ್ ಮಾನಿಟರ್, ಇದ್ದರೆ ಪರದೆಯ ತುಂಬ ಸಂಖ್ಯೆಗಳು ಕುಣಿಯುತ್ತವೆ. ನೋಡಬೇಕಾದದ್ದು ನಾಲ್ಕೇ: ಕ್ಯಾರಿ, ಎಡಬಲಕ್ಕೆ ಚೆಂಡು ಚದುರಿದ ಅಗಲ, ಚೆಂಡಿನ ಸುತ್ತುವಿಕೆ, ನೆಲಕ್ಕೆ ಇಳಿಯುವ ಕೋನ. ಉರುಳಿದ್ದೂ ಸೇರಿದ ಒಟ್ಟು ದೂರ ಯಂತ್ರದ ಅಂದಾಜು, ಅದನ್ನು ಬದಿಗಿಡಿ.

ಯಂತ್ರ ಇಲ್ಲದಿದ್ದರೂ ಕೊರಗಬೇಕಿಲ್ಲ. ಕಾಲಿಗೆ ಹಾಕುವ ಪೌಡರ್ ಸ್ಪ್ರೇಯನ್ನು ಕ್ಲಬ್ ಮುಖದ ಮೇಲೆ ತೆಳ್ಳಗೆ ಹೊಡೆಯಿರಿ. ಮುಖ ಬೆಳ್ಳಗಾಗುತ್ತದೆ. ಒಂದು ಚೆಂಡು ಹೊಡೆದು ಕ್ಲಬ್ ತಿರುಗಿಸಿ ನೋಡಿದರೆ ಬಿಳುಪಿನ ನಡುವೆ ಚೆಂಡಿನ ಗುಳಿಗಳ ಅಚ್ಚು ಹೊತ್ತ ದುಂಡನೆಯ ಗುರುತು. ಅದು ಎಲ್ಲಿದೆ? ಶಾಫ್ಟ್ (ಕ್ಲಬ್‌ನ ಕೋಲು) ಕಡೆಗೋ, ತುದಿಯ ಕಡೆಗೋ, ಕೆಳ ಅಂಚಿಗೋ? ಹತ್ತು ಹೊಡೆತ ಕಳೆಯುವಷ್ಟರಲ್ಲಿ ಗುರುತುಗಳೆಲ್ಲ ಒಂದೆಡೆ ಗುಂಪಾಗಿದ್ದರೆ ಆ ಕ್ಲಬ್‌ನ ಉದ್ದ ಮತ್ತು ತೂಕ ನಿಮಗೆ ಒಗ್ಗಿದೆ. ಮುಖದ ತುಂಬ ಹರಡಿದ್ದರೆ, ಚೆಂಡು ಎಷ್ಟೇ ದೂರ ಹೋಗಿರಲಿ, ಆ ಕ್ಲಬ್ ನಿಮ್ಮದಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಇಡೀ ಪರೀಕ್ಷೆಯಲ್ಲಿ ಇಷ್ಟು ಪ್ರಾಮಾಣಿಕವಾದ ಸಾಕ್ಷಿ ಇನ್ನೊಂದಿಲ್ಲ.

ಐರನ್: ಸಂಖ್ಯೆಯನ್ನಲ್ಲ, ಡಿಗ್ರಿಯನ್ನು ಓದಿ

ಹವ್ಯಾಸಿಗಳು ಹೆಚ್ಚು ಮೋಸಹೋಗುವುದು ಇಲ್ಲಿಯೇ. ಎರಡು ಕ್ಲಬ್‌ಗಳ ತಳದಲ್ಲೂ 7 ಎಂದು ಕೊರೆದಿದ್ದರೆ ಎರಡೂ ಒಂದೇ ಎಂದು ನಾವು ಅಂದುಕೊಳ್ಳುತ್ತೇವೆ. ಸಾಂಪ್ರದಾಯಿಕ ವಿನ್ಯಾಸದ ಏಳನೆಯ ಐರನ್‌ನ ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿರುವ ಕೋನ, 33–34 ಡಿಗ್ರಿ ಇರುತ್ತದೆ. ಹೆಚ್ಚು ದೂರ ಕೊಡುತ್ತದೆ ಎಂದು ಮಾರುವ ಇಂದಿನ ಏಳನೆಯ ಐರನ್‌ಗಳಲ್ಲಿ ಅದು 28ರ ಆಸುಪಾಸು. ಸಾಮಾನ್ಯವಾಗಿ ಒಂದು ಐರನ್‌ಗೂ ಮುಂದಿನದಕ್ಕೂ ನಡುವೆ ನಾಲ್ಕು ಡಿಗ್ರಿಯ ವ್ಯತ್ಯಾಸ ಇರುವುದರಿಂದ, ಹೊಸ 'ಏಳು' ಹಳೆಯ ಲೆಕ್ಕದಲ್ಲಿ ಆರನ್ನೂ ದಾಟಿ ಐದರ ಕಡೆಗೆ ಸರಿದಿದೆ. ಅದು ಹೆಚ್ಚು ದೂರ ಹೋಗುವುದರಲ್ಲಿ ಅಚ್ಚರಿಯಿಲ್ಲ. ಇದು ತಯಾರಕರ ಕುತಂತ್ರ ಎಂದು ಹೇಳಲಾರೆ. ತಲೆಯ ತೂಕವನ್ನು ಕೆಳಕ್ಕೂ ಹಿಂದಕ್ಕೂ ಸರಿಸಿದರೆ ಚೆಂಡು ತಾನಾಗಿಯೇ ಹೆಚ್ಚು ಮೇಲೇರುತ್ತದೆ. ಆ ಏರಿಕೆಯನ್ನು ಹದಕ್ಕೆ ತರಲು ಲಾಫ್ಟ್ ಇಳಿಸುತ್ತಾರೆ. ಆದರೆ ಹೋಲಿಸುವಾಗ ನೀವು ಡಿಗ್ರಿಗೆ ಡಿಗ್ರಿಯನ್ನೇ ಎದುರು ನಿಲ್ಲಿಸಬೇಕು. ಹಳೆಯ ಆರನೆಯ ಐರನ್ ಒಂದು ಕಡೆ, ಹೊಸ ಏಳನೆಯದು ಇನ್ನೊಂದು ಕಡೆ. ಆಗ ಲಾಭದ ಬಹುಪಾಲು ಕರಗಿಹೋಗುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಇದರ ಇನ್ನೊಂದು ಪರಿಣಾಮ ಸೆಟ್‌ನ ಕೆಳತುದಿಯಲ್ಲಿ ಕಾಣುತ್ತದೆ. ಏಳನೆಯದು 28 ಡಿಗ್ರಿಯಾದರೆ ಪಿಚಿಂಗ್ ವೆಜ್ 43ರ ಹತ್ತಿರ ಬಂದು ನಿಲ್ಲುತ್ತದೆ. ಮರಳಿಗೆ ಬಳಸುವ ನಿಮ್ಮ ಸ್ಯಾಂಡ್ ವೆಜ್ 56 ಇದ್ದರೆ ನಡುವೆ 13 ಡಿಗ್ರಿ ಖಾಲಿ. ಆ ಕಂದಕ ತುಂಬಲು 48–50 ಡಿಗ್ರಿಯ ವೆಜ್ ಒಂದು ಬೇಕೇ ಬೇಕು. ನಿಯಮದ ಪ್ರಕಾರ ಬ್ಯಾಗಿನಲ್ಲಿ ಇರಬಹುದಾದದ್ದು 14 ಕ್ಲಬ್ ಮಾತ್ರ. ಒಂದನ್ನು ಸೇರಿಸಿದರೆ ಇನ್ನೊಂದು ಹೊರಗೆ ಹೋಗುತ್ತದೆ. ಐರನ್ ಸೆಟ್ ಕೊಳ್ಳುವ ಮುನ್ನ ಕೊನೆಯ ಮೂರು ಕ್ಲಬ್‌ಗಳ ಡಿಗ್ರಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ.

ತಲೆಯ ಬಗೆಯಲ್ಲಿ ಮುಖ್ಯವಾಗಿ ಎರಡು ಕುಲ. ಬ್ಲೇಡ್‌ನಲ್ಲಿ ಲೋಹವೆಲ್ಲ ನಡುವಿನ ಹಿಂದೆ ಒಟ್ಟಾಗಿರುತ್ತದೆ. ಕ್ಲಬ್ ತಯಾರಿಸುವ ಪಿಂಗ್ ಸಂಸ್ಥೆಯನ್ನು ಕಟ್ಟಿದ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್ ತೂಕವನ್ನು ನಡುವಿನಿಂದ ಅಂಚುಗಳಿಗೆ ಹಂಚಿದರು, ಮೊದಲು ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್‌ನಲ್ಲಿ, ಆಮೇಲೆ ಐರನ್‌ನಲ್ಲಿ. ಅಂಚಿನಲ್ಲಿ ತೂಕ ಇದ್ದರೆ ಚೆಂಡು ಬದಿಗೆ ತಾಗಿದಾಗ ತಲೆ ಕಡಿಮೆ ತಿರುಗುತ್ತದೆ. ಎರಡು ತುದಿಗೂ ಕೊಡ ಕಟ್ಟಿದ ಅಡ್ಡೆಯನ್ನು ಹೆಗಲ ಮೇಲೆ ಥಟ್ಟನೆ ತಿರುಗಿಸುವುದು ಎಷ್ಟು ಕಷ್ಟವೋ ಇದೂ ಹಾಗೆಯೇ. ಎರಡನೆಯ ಕುಲವಾದ, ಹಿಂಬದಿ ತಗ್ಗಿರುವ ಇಂದಿನ ಕ್ಯಾವಿಟಿ ಬ್ಯಾಕ್ ಐರನ್‌ಗಳೆಲ್ಲ ಆ ಯೋಚನೆಯ ಮಕ್ಕಳು.

ಹಾಗಾದರೆ ಎಲ್ಲ ಹವ್ಯಾಸಿಗಳೂ ಅತಿ ದಪ್ಪ ತಲೆಯದನ್ನೇ ಕೊಳ್ಳಬೇಕೇ? ಇಲ್ಲ. ತಳ ಬಹಳ ಅಗಲವಾಗಿದ್ದರೆ ಗಟ್ಟಿ ನೆಲದ ಮೇಲೆ ಪುಟಿಯುತ್ತದೆ, ಎತ್ತರದ ಹುಲ್ಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ತೆಳು ಮುಖದ, ಒಳಗೆ ಟೊಳ್ಳಾದ ಕೆಲವು ಐರನ್‌ಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ: ಆಗೊಮ್ಮೆ ಈಗೊಮ್ಮೆ ಒಂದು ಚೆಂಡು ಸುತ್ತುವಿಕೆ ಕಳೆದುಕೊಂಡು ಉಳಿದವಕ್ಕಿಂತ ಬಹಳ ಮುಂದೆ ಹಾರಿಹೋಗುತ್ತದೆ. ರೇಂಜಿನಲ್ಲಿ ಅದನ್ನು ನೋಡಿ ಖುಷಿಪಡುತ್ತೇವೆ. ಮೈದಾನದಲ್ಲಿ ಅದೇ ಚೆಂಡು ಗ್ರೀನ್ ದಾಟಿ ಪೊದೆಗೆ ಬೀಳುತ್ತದೆ. ಪುಟದಲ್ಲಿ ಅಂಥ ಸಂಖ್ಯೆ ಕಂಡರೆ ಸುತ್ತು ಹಾಕಿಡಿ. ಇಳಿಯುವ ಕೋನವನ್ನೂ ಇಲ್ಲಿಯೇ ನೋಡಿ: 45 ಡಿಗ್ರಿಯ ಹತ್ತಿರ ಇಳಿಯುವ ಚೆಂಡು ಗ್ರೀನ್ ಮೇಲೆ ನಿಲ್ಲುತ್ತದೆ, 38ರಲ್ಲಿ ಇಳಿಯುವುದು ಉರುಳಿ ಆಚೆ ಹೋಗುತ್ತದೆ.

ಕ್ಲಬ್ ನೆಲದ ಮೇಲೆ ಕೂರುವ ಕೋನ, ಅಂದರೆ ಲೈ, ಸರಿಯಿಲ್ಲದಿದ್ದರೆ ಒಳ್ಳೆಯ ಹೊಡೆತವೂ ದಾರಿ ತಪ್ಪುತ್ತದೆ. ಬಲಗೈ ಆಟಗಾರನಿಗೆ ತುದಿ ಮೇಲೆದ್ದ ಕ್ಲಬ್ ಚೆಂಡನ್ನು ಎಡಕ್ಕೆ ಕಳಿಸುತ್ತದೆ, ತುದಿ ಕೆಳಗಾದದ್ದು ಬಲಕ್ಕೆ. ಇದನ್ನು ತಿಳಿಯಲು ಒಂದು ಮಾರ್ಕರ್ ಪೆನ್ ಸಾಕು. ಚೆಂಡಿನ ಮೇಲೆ ದಪ್ಪನೆಯ ನೇರ ಗೆರೆ ಎಳೆದು, ಆ ಗೆರೆ ನೆಟ್ಟಗೆ ನಿಂತು ಕ್ಲಬ್ ಮುಖವನ್ನು ನೋಡುವಂತೆ ಇಟ್ಟು ಹೊಡೆಯಿರಿ. ಶಾಯಿ ಮುಖದ ಮೇಲೆ ಅಚ್ಚಾಗುತ್ತದೆ. ಆ ಅಚ್ಚು ಮುಖದ ಗೀರುಗಳಿಗೆ ಲಂಬವಾಗಿದ್ದರೆ ಲೈ ಸರಿ. ಓರೆಯಾಗಿದ್ದರೆ ಅಂಗಡಿಯಲ್ಲಿ ಬಗ್ಗಿಸಿಕೊಡಲು ಕೇಳಬೇಕು. ಫೋರ್ಜ್ ಮಾಡಿದ, ಅಂದರೆ ಬಡಿದು ರೂಪಿಸಿದ, ಮೆದು ಉಕ್ಕಿನ ತಲೆ ಸುಲಭವಾಗಿ ಬಗ್ಗುತ್ತದೆ, ಎರಕ ಹೊಯ್ದ ಗಟ್ಟಿ ಉಕ್ಕಿನದು ಅಷ್ಟಾಗಿ ಬಗ್ಗದು.

ಶಾಫ್ಟ್

ಶಾಫ್ಟ್ ಮೇಲೆ ಬಿಗಿತ ಸೂಚಿಸುವ ಆರ್, ಎಸ್, ಎಕ್ಸ್ ಅಕ್ಷರಗಳಿಗೆ ಎಲ್ಲ ತಯಾರಕರೂ ಒಪ್ಪಿದ ಅಳತೆ ಎಂಬುದೇ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟು ಬಿಗಿಯಾಗಿರಬಹುದು. ಹಾಗಾಗಿ ಅಕ್ಷರಕ್ಕಿಂತ ಮೊದಲು ತೂಕ ನೋಡಿ. ಐರನ್‌ಗಳ ಉಕ್ಕಿನ ಶಾಫ್ಟ್‌ಗಳು ಸುಮಾರು 95ರಿಂದ 130 ಗ್ರಾಂ ತೂಗುತ್ತವೆ, ಗ್ರಾಫೈಟ್‌ನವು ಬಹುತೇಕ 50ರಿಂದ 80ರೊಳಗೆ. ಹಗುರವಾದದ್ದರಿಂದ ವೇಗ ಬರುತ್ತದೆ ಎಂಬ ಮಾತು ನಿಜವಾದರೂ ಎಲ್ಲರಿಗೂ ಅಲ್ಲ. ಕೆಲವರ ಕೈಗೆ ತೂಕ ಕಡಿಮೆಯಾದ ಕೂಡಲೇ ಲಯ ತಪ್ಪಿ ಪೌಡರಿನ ಗುರುತುಗಳು ಚದುರುತ್ತವೆ. ಮೊಣಕೈ ಅಥವಾ ಮಣಿಕಟ್ಟು ನೋಯುವವರು ಮಾತ್ರ ಯಾವ ಸಂಖ್ಯೆಯನ್ನೂ ನೋಡದೆ ಗ್ರಾಫೈಟ್ ಆರಿಸಿಕೊಳ್ಳಲಿ. ಅದು ನಡುಕವನ್ನು ಕೈಗೆ ಮುಟ್ಟಿಸುವುದು ಕಡಿಮೆ.

ಹಿಡಿಯ ದಪ್ಪವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೇಲಿನ ಕೈಯಿಂದ ಹಿಡಿದಾಗ ನಡುವಿನ ಎರಡು ಬೆರಳುಗಳ ತುದಿ ಹೆಬ್ಬೆರಳ ಬುಡದ ಮಾಂಸಲ ಭಾಗವನ್ನು ಹಗುರವಾಗಿ ಮುಟ್ಟಿದರೆ ಹಿಡಿ ಸರಿಯಾಗಿದೆ. ಉಗುರು ಒತ್ತಿದರೆ ತೆಳುವಾಯಿತು, ಮುಟ್ಟದಿದ್ದರೆ ದಪ್ಪವಾಯಿತು. ಪರೀಕ್ಷೆಗೆ ಕೊಡುವ ಕ್ಲಬ್‌ಗಳ ಹಿಡಿ ನಿಮ್ಮದಕ್ಕಿಂತ ಬೇರೆಯಾಗಿದ್ದರೆ ಹೋಲಿಕೆಯೇ ಕೆಡುತ್ತದೆ. ಕ್ಲಬ್ ಹಿಡಿಸಲಿಲ್ಲ ಎಂದು ನಾವು ದೂರುವುದು ಎಷ್ಟೋ ಸಲ ಹಿಡಿಯನ್ನು.

ಡ್ರೈವರ್

ಅತಿ ದೂರದ ಹೊಡೆತಕ್ಕೆ ಬಳಸುವ ಕ್ಲಬ್ ಡ್ರೈವರ್. ಅದರ ತಲೆಯ ಗಾತ್ರಕ್ಕೆ ನಿಯಮ ಹಾಕಿದ ಮಿತಿ 460 ಘನ ಸೆಂಟಿಮೀಟರ್. ಮುಖದ ಚಿಮ್ಮುವ ಗುಣಕ್ಕೂ ಮಿತಿ ಇದೆ. ಹೆಸರಾಂತ ತಯಾರಕರೆಲ್ಲ ಆ ಗೋಡೆಯನ್ನು ಮುಟ್ಟಿ ಬಹಳ ವರ್ಷಗಳಾದವು. ಆದ್ದರಿಂದ ನಟ್ಟನಡುವೆ ತಾಗಿದಾಗ ಒಂದು ಒಳ್ಳೆಯ ಡ್ರೈವರ್‌ಗೂ ಇನ್ನೊಂದಕ್ಕೂ ದೂರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಉಳಿದಿಲ್ಲ. ವ್ಯತ್ಯಾಸ ಇರುವುದು ನಡು ತಪ್ಪಿದಾಗ. ತಿರುಗುವಿಕೆಯನ್ನು ತಡೆಯುವ ಗುಣಕ್ಕೆ, ಲಂಬ ಅಕ್ಷದ ಸುತ್ತ, ನಿಯಮದ ಮಿತಿ 5900 ಗ್ರಾಂ ಚದರ ಸೆಂಟಿಮೀಟರ್. ಇತ್ತೀಚೆಗೆ ಕೆಲವು ಡ್ರೈವರ್‌ಗಳು ಹೊತ್ತಿರುವ '10ಕೆ' (ಹತ್ತು ಸಾವಿರ) ಎಂಬ ಗುರುತು ಎರಡು ಅಕ್ಷಗಳ ಮೊತ್ತ, ಒಂದರದ್ದಲ್ಲ. ಅಂಥವು ನಿಜಕ್ಕೂ ಸ್ಥಿರವಾಗಿವೆ, ಹದಿನೈದನೆಯ ಸಾಲಿನಲ್ಲಿ ಅದು ಕಾಣುತ್ತದೆ. ಬದಲಿಗೆ ತೂಕವೆಲ್ಲ ಮುಂದಕ್ಕಿರುವ, ಸುತ್ತುವಿಕೆ ಕಡಿಮೆ ಮಾಡುವ ತಲೆಗಳು ವೇಗದ ಸ್ವಿಂಗ್‌ನವರಿಗೆ ಮಾಡಿದವು. ಮಧ್ಯಮ ವೇಗದವರ ಕೈಯಲ್ಲಿ ಅವುಗಳ ಚೆಂಡು ಬೇಗ ನೆಲಕ್ಕೆ ಕುಸಿಯುತ್ತದೆ.

ಲಾಫ್ಟ್ ವಿಷಯದಲ್ಲಿ ಹಠ ಬೇಡ. 9 ಡಿಗ್ರಿ ಎಂದರೆ ಬಲಶಾಲಿಯ ಲಕ್ಷಣ ಎಂಬ ಭಾವನೆ ಇನ್ನೂ ಹೋಗಿಲ್ಲ. ನಿಧಾನದ ಸ್ವಿಂಗ್‌ಗೆ 10.5, ಎಷ್ಟೋ ಜನರಿಗೆ 12 ಡಿಗ್ರಿಯೇ ಹೆಚ್ಚು ಕ್ಯಾರಿ ಕೊಡುತ್ತದೆ. ಕುತ್ತಿಗೆಯ ಬಳಿ ತಿರುಪಿ ಲಾಫ್ಟ್ ಬದಲಿಸುವ ಕ್ಲಬ್‌ಗಳಲ್ಲಿ ಒಂದನ್ನು ಗಮನಿಸಿ: ಲಾಫ್ಟ್ ಏರಿಸಿದರೆ ಮುಖ ಸ್ವಲ್ಪ ಮುಚ್ಚಿಕೊಳ್ಳುತ್ತದೆ, ಇಳಿಸಿದರೆ ತೆರೆದುಕೊಳ್ಳುತ್ತದೆ. ಚೆಂಡು ಬಲಕ್ಕೆ ಬಾಗುವ ಕಾಟ ಇರುವ ಬಲಗೈ ಆಟಗಾರ ಲಾಫ್ಟ್ ಇಳಿಸುತ್ತಾ ಹೋದರೆ ಕಾಟ ಹೆಚ್ಚುತ್ತದೆ.

ಉದ್ದವೂ ಅಷ್ಟೇ ಮುಖ್ಯ. ಅಂಗಡಿಗೆ ಬರುವ ಡ್ರೈವರ್‌ಗಳು ಬಹುತೇಕ 45.5 ಅಂಗುಲದ ಸುತ್ತಮುತ್ತ ಇರುತ್ತವೆ. ಗುರುತುಗಳು ಮುಖದ ತುಂಬ ಹರಡುತ್ತಿದ್ದರೆ ಅದೇ ಕ್ಲಬ್ಬನ್ನು ಒಂದು ಅಂಗುಲ ಕೆಳಗೆ ಹಿಡಿದು ಹತ್ತು ಚೆಂಡು ಹೊಡೆದು ನೋಡಿ. ಗುರುತುಗಳು ಗುಂಪಾದರೆ ನಿಮಗೆ ಬೇಕಾದದ್ದು ಗಿಡ್ಡ ಶಾಫ್ಟ್. ಹೊಸ ಡ್ರೈವರ್ ಬೇಕಾಗದೆಯೂ ಇರಬಹುದು.

ಹೈಬ್ರಿಡ್ಡೋ ಏಳನೆಯ ವುಡ್ಡೋ

ಮೂರು, ನಾಲ್ಕನೆಯ ಐರನ್‌ಗಳು ಹೆಚ್ಚಿನ ಹವ್ಯಾಸಿಗಳ ಬ್ಯಾಗಿನಲ್ಲಿ ಸುಮ್ಮನೆ ಜಾಗ ಹಿಡಿದಿರುತ್ತವೆ. ಆ ಜಾಗಕ್ಕೆ ಐರನ್ ಮತ್ತು ವುಡ್ ಬೆರೆತ 21–22 ಡಿಗ್ರಿಯ ಹೈಬ್ರಿಡ್ ಅಥವಾ ದುಂಡು ದೊಡ್ಡ ತಲೆಯ 21 ಡಿಗ್ರಿಯ ಏಳನೆಯ ವುಡ್ ಬರಬೇಕು. ವುಡ್ ಚೆಂಡನ್ನು ಹೆಚ್ಚು ಎತ್ತರಕ್ಕೆ ಕಳಿಸಿ ಮೆತ್ತಗೆ ಇಳಿಸುತ್ತದೆ. ಹೈಬ್ರಿಡ್ ಗಿಡ್ಡವಾದ್ದರಿಂದ ಕೈಗೆ ಹತ್ತಿರ, ಒರಟು ಹುಲ್ಲಿನಲ್ಲಿ ಸಲೀಸು, ಎದುರು ಗಾಳಿಗೆ ಅಷ್ಟಾಗಿ ಬೆದರದು. ಐರನ್ನನ್ನು ಮೇಲಿನಿಂದ ಚೆಂಡಿನ ಮೇಲೆ ಇಳಿಸಿ ಹೊಡೆಯುವ ಅಭ್ಯಾಸ ಇದ್ದವರು ಹೈಬ್ರಿಡ್ ಕಡೆಗೆ, ನೆಲ ಸವರಿಕೊಂಡು ಹೊಡೆಯುವವರು ವುಡ್ ಕಡೆಗೆ ವಾಲುವುದು ಸಹಜ. ನನ್ನ ಒಲವು ವುಡ್ ಕಡೆಗೆ. ಏಕೆಂದರೆ 180 ಗಜದಿಂದ ಹೊಡೆದ ಚೆಂಡು ಗ್ರೀನ್ ಮೇಲೆ ಬಿದ್ದು ಅಲ್ಲಿಯೇ ನಿಲ್ಲುವುದನ್ನು ನಾನು ಮೊದಲು ಕಂಡದ್ದು ಏಳನೆಯ ವುಡ್‌ನಿಂದ. ಆದರೆ ಹೈಬ್ರಿಡ್‌ನಿಂದ ಚೆಂಡು ಎಡಕ್ಕೆ ಸೆಳೆಯುವುದು ಎಲ್ಲರಿಗೂ ಆಗುವುದಿಲ್ಲ, ನನಗೆ ಆಗುತ್ತದೆ. ನಿಮಗೆ ಹಾಗೆ ಆಗದಿದ್ದರೆ ನನ್ನ ಒಲವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ವೆಜ್ ಮತ್ತು ಪಟರ್

ವೆಜ್‌ನಲ್ಲಿ ಡಿಗ್ರಿಯಷ್ಟೇ ಮುಖ್ಯವಾದದ್ದು ಬೌನ್ಸ್, ತಳ ನೆಲಕ್ಕೆ ಕೊಡುವ ಉಬ್ಬು. ಮೆತ್ತನೆಯ ಮರಳು, ಒದ್ದೆ ನೆಲ, ಕಡಿದಾಗಿ ಇಳಿಯುವ ಸ್ವಿಂಗ್ ಇದ್ದರೆ 10 ಡಿಗ್ರಿ ಅಥವಾ ಹೆಚ್ಚಿನ ಬೌನ್ಸ್; ಗಟ್ಟಿ ನೆಲ, ಸವರುವ ಸ್ವಿಂಗ್ ಇದ್ದರೆ ಕಡಿಮೆ. ಬಂಕರ್ ಒಳಗೆ ಇಳಿದು ಹೊಡೆಯದೆ ಸ್ಯಾಂಡ್ ವೆಜ್ ಕೊಳ್ಳಬೇಡಿ.

ಪಟರ್‌ಗೆ ಅತಿ ಕಡಿಮೆ ಸಮಯ ಕೊಡುತ್ತೇವೆ, ಅತಿ ಹೆಚ್ಚು ಬಳಸುತ್ತೇವೆ. ಶಾಫ್ಟನ್ನು ಒಂದು ಬೆರಳ ಮೇಲೆ ಸಮತೋಲವಾಗಿ ಮಲಗಿಸಿ ನೋಡಿ. ಮುಖ ಆಕಾಶ ನೋಡಿದರೆ ಅದು ನೇರವಾಗಿ ಹಿಂದೆ ಮುಂದೆ ಹೋಗುವ ಹೊಡೆತಕ್ಕೆ ಹೊಂದುತ್ತದೆ, ತುದಿ ಕೆಳಗೆ ಜೋತುಬಿದ್ದರೆ ಕಮಾನಿನಂತೆ ಬಾಗಿ ಹೋಗುವ ಹೊಡೆತಕ್ಕೆ. ದೊಡ್ಡ ಮ್ಯಾಲೆಟ್ ತಲೆ ಬದಿಗೆ ತಾಗಿದರೂ ಹೆಚ್ಚು ದೂರ ಕಳೆದುಕೊಳ್ಳುವುದಿಲ್ಲ. ತೆಳು ಬ್ಲೇಡ್ ಉದ್ದದ ಹೊಡೆತದಲ್ಲಿ ಬೆರಳಿಗೆ ಹೆಚ್ಚು ಸುದ್ದಿ ಮುಟ್ಟಿಸುತ್ತದೆ. ಪರೀಕ್ಷೆ ಮಾತ್ರ ಮೂರು ಅಡಿಯಿಂದ ಬೇಡ. ಮೂವತ್ತು ಅಡಿಯಿಂದ ಹತ್ತು ಚೆಂಡು ತಳ್ಳಿ, ಕುಳಿಯಿಂದ ಅತಿ ದೂರ ನಿಂತ ಮೂರು ಚೆಂಡುಗಳನ್ನು ಹೆಜ್ಜೆಯಲ್ಲಿ ಅಳೆಯಿರಿ. ಆ ಮೂರರ ಮೊತ್ತ ಯಾವ ಪಟರ್‌ಗೆ ಕಡಿಮೆಯೋ ಅದು ನಿಮ್ಮದು. ನಿಂತಾಗ ಕಣ್ಣು ಚೆಂಡಿನ ನೇರಕ್ಕೆ ಅಥವಾ ಸ್ವಲ್ಪ ಒಳಗೆ ಬರುವಂತೆ ಉದ್ದ ಇರಲಿ.

ಬಳಸಿದ ಕ್ಲಬ್

ಐರನ್ ಮತ್ತು ಪಟರ್‌ಗಳನ್ನು ಬಳಸಿದ್ದೇ ಕೊಳ್ಳಲು ನನಗೆ ಯಾವ ಅಳುಕೂ ಇಲ್ಲ. ಉಕ್ಕು ಅಷ್ಟು ಬೇಗ ಮುಪ್ಪಾಗುವುದಿಲ್ಲ. ವೆಜ್ ಹಾಗಲ್ಲ, ಮುಖದ ಗೀರುಗಳ ಅಂಚು ಸವೆದಿದ್ದರೆ ಚೆಂಡು ಹಿಡಿತ ಕಳೆದುಕೊಳ್ಳುತ್ತದೆ. ಉಗುರಿನ ತುದಿಯನ್ನು ಗೀರುಗಳ ಮೇಲೆ ಅಡ್ಡಲಾಗಿ ಎಳೆದು ನೋಡಿ. ತಡೆಯದೆ ಜಾರಿದರೆ ಬಿಟ್ಟುಬಿಡಿ. ಡ್ರೈವರ್ ಆದರೆ ಮುಖದಲ್ಲಿ ಕೂದಲೆಳೆಯ ಬಿರುಕು ಇದೆಯೇ, ತಲೆ ಅಲ್ಲಾಡಿಸಿದಾಗ ಒಳಗೆ ಸದ್ದಾಗುತ್ತದೆಯೇ ಎಂದು ಪರಿಶೀಲಿಸಿ. ಸ್ಪರ್ಧೆಗಳಲ್ಲಿ ಆಡುವವರು ಗಾಲ್ಫ್ ನಿಯಮ ರೂಪಿಸುವ ಸಂಸ್ಥೆಗಳಾದ ಆರ್ ಆಂಡ್ ಎ ಮತ್ತು ಯುಎಸ್‌ಜಿಎ ಪ್ರಕಟಿಸುವ ಮಾನ್ಯ ಡ್ರೈವರ್ ತಲೆಗಳ ಪಟ್ಟಿಯಲ್ಲಿ ಆ ಮಾದರಿ ಇದೆಯೇ ಎಂದೂ ನೋಡಿಕೊಳ್ಳಬೇಕು.

ಎಷ್ಟೋ ಸಲ ಹದಿನೈದನೆಯ ಸಾಲು ಹಳೆಯ ಕ್ಲಬ್‌ನ ಪರವಾಗಿಯೇ ನಿಲ್ಲುತ್ತದೆ. ಹೋದ ಸಲ ನನ್ನ ಹೈಬ್ರಿಡ್ಡಿಗೆ ಹಾಗಾಯಿತು: ಎರಡು ಹೊಸ ಕ್ಲಬ್‌ಗಳ ಎದುರು, ಎರಡು ಬೇರೆ ದಿನ, ಅದೇ ಗೆದ್ದಿತು. ನಾನು ಬದಲಿಸಿದ್ದು ಬಿಸಿಲಿಗೆ ಗಟ್ಟಿಯಾಗಿ ನುಣುಪಾಗಿದ್ದ ಅದರ ಹಿಡಿಯನ್ನು ಮಾತ್ರ.